ವಸೈ, ನೇರಳ್, ಇಗತ್‌ಪುರಿ: ಒಂದು ದಿನದ ರಜೆಗೆ ಯಾವುದು?

ಮುಂಬಯಿಯ ಮಾಟುಂಗಾದಿಂದ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬೇಕು, ಹಳೇ ಕಟ್ಟಡ, ಹಳೇ ರೈಲು ಎರಡೂ ಇಷ್ಟ ಅಂದಿರಲ್ಲ, ನನಗೆ ತೋಚಿದ್ದು ಹೇಳುತ್ತೇನೆ.

ಖರ್ಚಿನಲ್ಲಿ ವಸೈ, ನೇರಳ್ ಎರಡೂ ಸಲೀಸು, ಲೋಕಲ್ ಟಿಕೆಟ್ ಸಾಕು. ಇಗತ್‌ಪುರಿಗೆ ಲೋಕಲ್ ಕಸಾರಾವರೆಗೆ ಮಾತ್ರ, ಮುಂದೆ ಎಕ್ಸ್‌ಪ್ರೆಸ್ಸೇ ಗತಿ.

ಕಟ್ಟಡವೇ ಮುಖ್ಯ ಅಂದರೆ ವಸೈ. ಪೋರ್ಚುಗೀಸರ ಕೋಟೆ, 1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪಾ ಗೆದ್ದದ್ದು. ಚಾವಣಿಯಿಲ್ಲದ ಚರ್ಚಿನೊಳಗೆ ನಿಂತು ಗೋಡೆ ಮುಟ್ಟಿ ನೋಡಿ, ಕಲ್ಲಿನ ಸಂದಿಯಿಂದ ಆಲದ ಬೇರು ಇಳಿದಿರುತ್ತದೆ. ನಡಿಗೆ ಜಾಸ್ತಿ, ಬಿಸಿಲೂ ಜಾಸ್ತಿ. ವಯಸ್ಸಾದವರಿದ್ದರೆ ಬೆಳಿಗ್ಗೆ ಬೇಗ ಹೋಗಿ.

ಮಕ್ಕಳಿದ್ದರೆ ನೇರಳ್. ಅಲ್ಲಿಂದ ಮಾಥೇರಾನ್ ಗಿರಿಧಾಮಕ್ಕೆ ಹತ್ತುವ 1907ರ ಪುಟ್ಟ ರೈಲು, ಎರಡೇ ಅಡಿ ಅಗಲದ ಹಳಿ, ಅದರ ಎಂಜಿನ್ ಶೆಡ್ಡೂ ಅಲ್ಲೇ. ಆದರೆ ಮಳೆಗಾಲದಲ್ಲಿ ನೇರಳ್‌ನಿಂದ ಮೇಲೆ ಹತ್ತುವ ರೈಲು ನಿಲ್ಲಿಸುತ್ತಾರೆ, ಆಗ ಮಾಥೇರಾನ್ ಹತ್ತಿರದ ಅಮನ್ ಲಾಡ್ಜ್ ನಿಲ್ದಾಣದವರೆಗೆ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲಿಂದ ಮಾಥೇರಾನ್‌ಗೆ ಶಟಲ್ ರೈಲು ಹಿಡಿಯಬೇಕು.

ಮಳೆಗಾಲಕ್ಕೆ ನನ್ನ ಮನಸ್ಸು ಇಗತ್‌ಪುರಿ ಕಡೆಗೇ. ಕಸಾರಾ ದಾಟಿದರೆ 37 ಅಡಿಗೆ ಒಂದು ಅಡಿ ಏರುವ ಘಾಟಿ. ಕಸಾರಾದಲ್ಲಿ ರೈಲಿನ ಹಿಂದೆ, ಏರು ಹತ್ತಲು ತಳ್ಳುವ ಬ್ಯಾಂಕರ್ ಎಂಜಿನ್ ಬಂದು ಸೇರುವಾಗ ಸಣ್ಣ ಧಕ್ಕೆ ಬೆನ್ನಿಗೆ ಗೊತ್ತಾಗುತ್ತದೆ, ಆ ಕ್ಷಣಕ್ಕಾಗಿಯೇ ನಾನು ಹೋಗುತ್ತೇನೆ. ಊರೊಳಗೆ ನೋಡುವ ಹಳೇ ಕಟ್ಟಡ ಮಾತ್ರ ಕಡಿಮೆ.