ಹಳೇ ಸೈನ್ಸ್ ಫಿಕ್ಷನ್: ಯಾವುದು ಕೊಳ್ಳಬೇಕು, ಎಲ್ಲಿ ತಡೆದು ಓದಬೇಕು

ಕಲಬುರಗಿಯ ಕಾಲೇಜು ಹುಡುಗ ಹುಡುಗಿಯರು ಸೈನ್ಸ್ ಫಿಕ್ಷನ್ ಓದಬೇಕು ಅಂದರೆ ಮೊದಲು ಕೈಗೆ ಬರುವ ಹೆಸರುಗಳು ಐಸಾಕ್ ಅಸಿಮೋವ್, ಆರ್ಥರ್ ಸಿ. ಕ್ಲಾರ್ಕ್, ರಾಬರ್ಟ್ ಹೈನ್‌ಲೈನ್. ಪುಸ್ತಕ ಕೊಡುವವರು ರೋಬಾಟಿನ ಬಗ್ಗೆ, ನಕ್ಷತ್ರಗಳ ಸಾಮ್ರಾಜ್ಯದ ಬಗ್ಗೆ ಹೇಳುತ್ತಾರೆ. ಒಳಗೆ ಹೆಣ್ಣುಮಕ್ಕಳು ಹೇಗಿದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ನೂರು ಪುಟ ಓದಿದರೂ ತನ್ನಂಥವಳು ಒಬ್ಬಳೂ ಸಿಗದೆ ಹುಡುಗಿ ಪುಸ್ತಕ ಮುಚ್ಚಿಟ್ಟರೆ, ಅವಳಿಗೆ ಸೈನ್ಸ್ ರುಚಿಸಲಿಲ್ಲ ಎಂದುಬಿಡುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ ‘ಆ ಕಾಲವೇ ಹಾಗಿತ್ತು’ ಎಂಬ ಉತ್ತರ ಸಿದ್ಧವಿರುತ್ತದೆ. ಇವೇ ಪುಸ್ತಕಗಳನ್ನು ಬಿಡಿಸಿ ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ.

ಮೊದಲು ಕೊಳ್ಳುವ ಮಾತು. ಹಳೇ ಪ್ರತಿಗಳಿಗೆ ನಮ್ಮ ಭಾಗದವರಿಗೆ ಅನುಕೂಲದ ಜಾಗ ಹೈದರಾಬಾದಿನ ಅಬಿಡ್ಸ್. ಭಾನುವಾರ ಅಲ್ಲಿ ಫುಟ್‌ಪಾತಿನ ಮೇಲೆ ಪುಸ್ತಕ ಹರಡಿರುತ್ತಾರೆ. ಪುಸ್ತಕ ಹಿಡಿದಾಗ ರಟ್ಟು ನೋಡಿ ಮರುಳಾಗಬೇಡಿ. ನಡುವೆ ತೆರೆದು ಬೆನ್ನನ್ನು ಮೆಲ್ಲಗೆ ಬಗ್ಗಿಸಿ. ಅಂಟು ಚಟ್ಟೆಂದು ಬಿರುಕು ಬಿಟ್ಟರೆ ಆ ಪ್ರತಿ ಬೇಡ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಅಂಟು ಇನ್ನಷ್ಟು ಒಣಗಿ ಹಾಳೆಗಳು ಒಂದೊಂದೇ ಕೈಗೆ ಬರುತ್ತವೆ. ಕಡೆಯ ಪುಟ ಇದೆಯೇ ನೋಡಿ, ಪುಟಸಂಖ್ಯೆ ಸರದಿಯಲ್ಲಿದೆಯೇ ನೋಡಿ. ಹಾಳೆ ಹಳದಿಯಾಗಿದ್ದರೆ ಚಿಂತೆಯಿಲ್ಲ, ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಆ ಬಣ್ಣ ಕೊಡುತ್ತದೆ, ಓದಲು ತೊಂದರೆಯಿಲ್ಲ. ಮನೆಗೆ ತಂದ ಮೇಲೆ ಫರಸಿ ನೆಲದ ಮೇಲೆ ಪೇರಿಸಿಡಬೇಡಿ. ಮಳೆಗಾಲದಲ್ಲಿ ಕೆಳಗಿನದಕ್ಕೆ ತೇವ ಹಿಡಿಯುತ್ತದೆ.

ಇನ್ನು ಒಳಗಿನದು. ಅಸಿಮೋವ್‌ನ ‘ಫೌಂಡೇಶನ್’ 1951ರಲ್ಲಿ ಪುಸ್ತಕವಾಗಿ ಬಂತು. ಐದು ಭಾಗಗಳಿವೆ, ವಾರಕ್ಕೊಂದು ಭಾಗ ಇಟ್ಟುಕೊಂಡರೆ ಗುಂಪಾಗಿ ಓದಲು ಹದವಾಗುತ್ತದೆ. ಕಥೆಯ ಬೆನ್ನೆಲುಬು ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞನ ಶಾಸ್ತ್ರ: ಜನ ಅಪಾರ ಸಂಖ್ಯೆಯಲ್ಲಿದ್ದರೆ ಅವರ ಮುಂದಿನ ನಡೆಯನ್ನು ಲೆಕ್ಕ ಹಾಕಿ ಹೇಳಬಹುದು. ಮೊದಲ ಭಾಗದಲ್ಲಿ ಸೆಲ್ಡನ್ ಮೇಲಿನ ವಿಚಾರಣೆಯಲ್ಲಿ ಸರ್ಕಾರದ ವಕೀಲ, ನಿನ್ನ ಯೋಜನೆಯಲ್ಲಿ 98,572 ಜನ ಇದ್ದಾರಲ್ಲವೇ ಎಂದು ಕೇಳುತ್ತಾನೆ. ಹೆಂಗಸರು ಮಕ್ಕಳನ್ನೂ ಸೇರಿಸಿ ಎಣಿಸುತ್ತಿದ್ದೀರಿ ಎಂದು ಸೆಲ್ಡನ್ ಉತ್ತರ. ಇಲ್ಲಿ ಪುಸ್ತಕ ಕೆಳಗಿಟ್ಟು ಮಾತಾಡಬೇಕು. ಇಡೀ ಮನುಕುಲವನ್ನು ಎಣಿಸುವ ಶಾಸ್ತ್ರದ ಪಿತಾಮಹ, ತನ್ನವರನ್ನು ಎಣಿಸುವಾಗ ಹೆಂಗಸರನ್ನು ಪಕ್ಕಕ್ಕೆ ಸರಿಸುತ್ತಾನೆ. ಸ್ಟ್ಯಾಟಿಸ್ಟಿಕ್ಸ್ ಓದುವ ಯಾವ ವಿದ್ಯಾರ್ಥಿಯೂ ಕೇಳುವ ಪ್ರಶ್ನೆ ಇದು: ಅರ್ಧ ಜನಸಂಖ್ಯೆ ಬಿಟ್ಟ ಸ್ಯಾಂಪಲ್ಲಿಂದ ಬಂದ ಫಲಿತಾಂಶಕ್ಕೆ ಬೆಲೆ ಏನು?

ಐದನೇ ಭಾಗ ಇನ್ನೂ ಸ್ಪಷ್ಟ. ವ್ಯಾಪಾರಿ ಹೋಬರ್ ಮ್ಯಾಲೋ ಶತ್ರು ದೇಶದ ಮೇಲೆ ಗುಂಡು ಹಾರಿಸುವುದಿಲ್ಲ, ಸಾಮಾನು ಕಳಿಸುವುದನ್ನು ನಿಲ್ಲಿಸುತ್ತಾನೆ. ಅವನ ಲೆಕ್ಕ ಹೀಗಿದೆ: ಆರು ತಿಂಗಳಾದ ಮೇಲೆ ಹೆಂಗಸಿನ ಅಡುಗೆಮನೆಯ ಅಣುಶಕ್ತಿಯ ಚಾಕು ಕೆಲಸ ನಿಲ್ಲಿಸುತ್ತದೆ, ಆಮೇಲೆ ಒಲೆ ಕೈಕೊಡುತ್ತದೆ, ಬಟ್ಟೆ ಒಗೆಯುವ ಯಂತ್ರ ಸರಿಯಾಗಿ ಒಗೆಯುವುದಿಲ್ಲ, ಬಿರುಬೇಸಿಗೆಯ ದಿನವೇ ಮನೆ ತಂಪಿಡುವ ಯಂತ್ರ ನಿಲ್ಲುತ್ತದೆ. ಮೇ ತಿಂಗಳಲ್ಲಿ ಕರೆಂಟು ಹೋದ ಮನೆಯನ್ನು ಬಲ್ಲ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುದ್ಧದ ಸೋಲುಗೆಲುವು ನಿಂತಿರುವುದೇ ಆ ಮನೆಯೊಡತಿಯ ಅಸಮಾಧಾನದ ಮೇಲೆ. ಆದರೆ ಅವಳು ಬಾಯಿ ತೆರೆಯುವ ಒಂದು ಪುಟವೂ ಇಲ್ಲ. ಈ ಭಾಗದಲ್ಲಿ ಕಾಣಿಸುವ ಹೆಂಗಸರೆಂದರೆ ಗಂಡನನ್ನು ಚುಚ್ಚುವ ಅರಸನ ಹೆಂಡತಿ ಮತ್ತು ಒಡವೆ ತೊಟ್ಟು ತೋರಿಸಲು ಕರೆಸಿದ ಹುಡುಗಿ. ಇದು ಲೇಖಕನ ಗುಣದೋಷಕ್ಕೆ ಮಾತ್ರ ಸಂಬಂಧಪಟ್ಟ ಸಂಗತಿಯಲ್ಲ, ಕಥೆಯ ಕಸುಬೇ ಇಲ್ಲಿ ಸೋತಿದೆ. ತನ್ನ ಕಥಾವಸ್ತುವಿನ ಕೀಲಿ ಯಾರ ಕೈಲಿದೆಯೋ ಅವಳನ್ನೇ ಅಸಿಮೋವ್ ಒಳಗೆ ಕರೆದಿಲ್ಲ.

ಹಾಗಂತ ಅವನಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಸರಣಿಯ ಎರಡನೇ ಪುಸ್ತಕ ‘ಫೌಂಡೇಶನ್ ಅಂಡ್ ಎಂಪೈರ್’ ತೆಗೆದು ‘ದಿ ಮ್ಯೂಲ್’ ಎಂಬ ಭಾಗ ಓದಿ. 1945ರಲ್ಲೇ ಪತ್ರಿಕೆಯಲ್ಲಿ ಬಂದದ್ದು. ಅದರಲ್ಲಿ ಬೇಟಾ ಎಂಬವಳಿದ್ದಾಳೆ. ಗಂಡಸರೆಲ್ಲ ತಪ್ಪು ಲೆಕ್ಕ ಹಾಕುತ್ತಿರುವಾಗ ಸರಿಯಾಗಿ ಕೂಡಿ ಕಳೆದು ನೋಡುವವಳು ಅವಳು, ಕೊನೆಯಲ್ಲಿ ನಕ್ಷತ್ರಪುಂಜದ ಗತಿ ತಿರುಗಿಸುವುದೂ ಅವಳೊಬ್ಬಳ ನಿರ್ಧಾರ. ಏನು ಆ ನಿರ್ಧಾರ ಎಂದು ಹೇಳಿ ಓದುವ ಸುಖ ಕೆಡಿಸಬಾರದು. ಅದೇ ಲೇಖಕ, ಹೆಚ್ಚುಕಡಿಮೆ ಅದೇ ಕಾಲ. ಹಣ ಒಂದೇ ಪುಸ್ತಕಕ್ಕಿದ್ದರೆ ಮೊದಲನೆಯದನ್ನು ಗ್ರಂಥಾಲಯದಲ್ಲಿ ಹುಡುಕಿ ಓದಿ, ಎರಡನೆಯದನ್ನು ಕೊಳ್ಳಿ.

ಅಸಿಮೋವ್‌ನದೇ ‘ಐ, ರೋಬಾಟ್’ (1950) ಒಂಬತ್ತು ಕಥೆಗಳ ಸಂಕಲನ, ಎಲ್ಲರೂ ಕೊಳ್ಳಬೇಕಾದದ್ದು. ರೋಬಾಟ್‌ಗಳ ಮನಸ್ಸು ಓದುವ ವಿಜ್ಞಾನಿ ಸೂಸನ್ ಕ್ಯಾಲ್ವಿನ್ ಇದರ ಜೀವಾಳ. ಎಡವುವ ಜಾಗ ‘ಲಯರ್!’ ಎಂಬ ಕಥೆ. ಮನುಷ್ಯರ ಮನಸ್ಸು ತಿಳಿಯುವ ರೋಬಾಟ್ ಹರ್ಬಿ, ಯಾರಿಗೂ ನೋವಾಗಬಾರದೆಂದು ಎಲ್ಲರಿಗೂ ಅವರವರಿಗೆ ಬೇಕಾದ ಸುಳ್ಳನ್ನೇ ಹೇಳುತ್ತದೆ. ತರ್ಕ ಬಲು ಸೊಗಸು. ಆದರೆ ಯಾರಿಗೆ ಯಾವ ಸುಳ್ಳು ಎಂದು ಕಾಗದದ ಮೇಲೆ ಎರಡು ಸಾಲಾಗಿ ಬರೆದು ನೋಡಿ. ಕ್ಯಾಲ್ವಿನ್ ಜೊತೆ ಕೆಲಸ ಮಾಡುವ ಬೋಗರ್ಟನಿಗೆ ಡೈರೆಕ್ಟರ್ ಹುದ್ದೆಯ ಸುಳ್ಳು. ಕ್ಯಾಲ್ವಿನ್‌ಗೆ ಸಹೋದ್ಯೋಗಿಯೊಬ್ಬ ಅವಳನ್ನು ಪ್ರೀತಿಸುತ್ತಾನೆಂಬ ಸುಳ್ಳು. ಅದನ್ನು ನಂಬಿ ಅವಳು ಲಿಪ್‌ಸ್ಟಿಕ್, ಪೌಡರ್ ಹಚ್ಚಿಕೊಂಡು ಬರುತ್ತಾಳೆ. ಗಂಡಸಿನ ಗುಟ್ಟಿನ ಆಸೆ ಕುರ್ಚಿ, ಹೆಂಗಸಿನ ಗುಟ್ಟಿನ ಆಸೆ ಗಂಡು. ಆ ಕಟ್ಟಡದಲ್ಲಿ ಕುರ್ಚಿಗೆ ಎಲ್ಲರಿಗಿಂತ ತಕ್ಕವಳು ಅವಳೇ ಆಗಿದ್ದರೂ ಅಂಥ ಆಸೆ ಅವಳಿಗಿರಬಹುದೆಂದು ಕಥೆಗೆ ಹೊಳೆಯುವುದಿಲ್ಲ. ಇದಾದ ಮೇಲೆ ‘ಲಿಟಲ್ ಲಾಸ್ಟ್ ರೋಬಾಟ್’ ಓದಿ. ನೋಡಲು ಒಂದೇ ಥರ ಇರುವ 63 ರೋಬಾಟ್‌ಗಳ ನಡುವೆ ಅಡಗಿದ ಒಂದನ್ನು ಆಕೆ ಹಂತ ಹಂತವಾಗಿ ಪರೀಕ್ಷೆ ಮಾಡಿ ಹಿಡಿಯುತ್ತಾಳೆ. ಪ್ರೀತಿ ಗೀತಿ ಏನಿಲ್ಲ, ಶುದ್ಧ ಬುದ್ಧಿಯ ಕೆಲಸ. ಇದನ್ನು ಮೊದಲು ಓದಿ ‘ಲಯರ್!’ ಆಮೇಲೆ ಓದಿದರೆ ಇನ್ನೂ ಒಳ್ಳೆಯದು.

ಕ್ಲಾರ್ಕನ ‘ರಾಂದೆವೂ ವಿತ್ ರಾಮ’ (1973) ನಮ್ಮ ಓದುಗರನ್ನು ಹೆಸರಿನಿಂದಲೇ ಎಳೆಯುತ್ತದೆ: ಸೂರ್ಯನ ಕಡೆ ಬರುತ್ತಿರುವ ಬೃಹತ್ ಸಿಲಿಂಡರಿಗೆ ರಾಮ, ಅದನ್ನು ನೋಡಲು ಕಳಿಸಿದ ಯಂತ್ರಕ್ಕೆ ಸೀತಾ. ಸಿಲಿಂಡರಿನ ಒಳಗಿನ ವರ್ಣನೆಗೆ ಸಾಟಿಯಿಲ್ಲ. 11ನೇ ಅಧ್ಯಾಯಕ್ಕೆ ಬಂದಾಗ ತಡೆಯಿರಿ. ತೂಕವಿಲ್ಲದ ಜಾಗದಲ್ಲಿ ಕೆಲವು ಹೆಂಗಸರ ಎದೆ ಗಂಡಸರ ಗಮನ ಕೆಡಿಸುತ್ತದೆ, ಅಂಥವರನ್ನು ನೌಕೆಗೆ ಬಿಡಬಾರದು ಎಂಬುದು ನೌಕೆಯ ಕಮಾಂಡರನ ಯೋಚನೆ. ನೌಕೆ ನಡೆಸುವವನ ಕಣ್ಣು ಮೀಟರಿನ ಮೇಲಿಲ್ಲದಿದ್ದರೆ ತಪ್ಪು ಅವನದು. ಎಂಜಿನಿಯರಿಂಗ್ ಕಣ್ಣಿನ ಕ್ಲಾರ್ಕ್ ಇಷ್ಟು ಸರಳ ಸಂಗತಿಯಲ್ಲಿ ಜಾರಿದ್ದಾನೆ. ಅದೇ ನೌಕೆಯ ವೈದ್ಯಾಧಿಕಾರಿ ಲಾರಾ ಅರ್ನ್‌ಸ್ಟ್ ಕೆಲಸದಲ್ಲಿ ಎಲ್ಲರಿಗೆ ಸಮನಾಗಿದ್ದಾಳೆ ಎನ್ನುವುದು ಇದನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ. ಕೊಳ್ಳಿ, ಆ ಪುಟ ಹಾರಿಸದೆ ಓದಿ.

ಹೈನ್‌ಲೈನನ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ (1961) ಮೊದಲ ಓದಿಗೆ ಬೇಡವೇ ಬೇಡ. ಅತ್ಯಾಚಾರವಾದರೆ ಹತ್ತರಲ್ಲಿ ಒಂಬತ್ತು ಸಲ ಹೆಣ್ಣಿನದೂ ಸ್ವಲ್ಪ ತಪ್ಪಿರುತ್ತದೆ ಎಂದು ಅದರಲ್ಲಿ ಹೆಣ್ಣು ಪಾತ್ರದ ಬಾಯಿಂದಲೇ ಹೇಳಿಸಿದ್ದಾನೆ. ಹದಿನೆಂಟರ ಹುಡುಗಿಯ ಕೈಗೆ ಮುನ್ಸೂಚನೆ ಇಲ್ಲದೆ ಇದನ್ನು ಕೊಡುವುದು ತಪ್ಪು. ಲ್ಯಾರಿ ನಿವೆನ್‌ನ ‘ರಿಂಗ್‌ವರ್ಲ್ಡ್’ (1970) ಭೌತಶಾಸ್ತ್ರ ಇಷ್ಟಪಡುವವರಿಗೆ ಸರಿ, ಆದರೆ ಅದರ ಹೆಣ್ಣು ಪಾತ್ರ ಟೀಲಾ ಬ್ರೌನ್‌ಗೆ ಹುಟ್ಟಿನಿಂದ ಬಂದ ಅದೃಷ್ಟ ಬಿಟ್ಟರೆ ಅರ್ಹತೆಯೇ ಇಲ್ಲದಂತೆ ಬರೆಯಲಾಗಿದೆ.

ಉರ್ಸುಲಾ ಕೆ. ಲೆ ಗ್ವಿನ್‌ಳ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಹೊಸ ಪ್ರತಿಯ ಬೆಲೆ ಕೊಟ್ಟಾದರೂ ತರಿಸಬೇಕಾದದ್ದು. ಕಥೆ ನಡೆಯುವ ಗ್ರಹದ ಜನ ಹುಟ್ಟಿನಿಂದ ಗಂಡೂ ಅಲ್ಲ ಹೆಣ್ಣೂ ಅಲ್ಲ. ತಿಂಗಳಿಗೊಮ್ಮೆ ಕೆಲವು ದಿನ ಮಾತ್ರ ಒಂದು ಕಡೆ ವಾಲುತ್ತಾರೆ. ಮೊದಲ ಅಧ್ಯಾಯಗಳಲ್ಲಿ ಹೆಸರುಗಳ ಕಾಟದಿಂದ ಬಹಳ ಜನ ಬಿಟ್ಟುಬಿಡುತ್ತಾರೆ. ಅದಕ್ಕೆ 7ನೇ ಅಧ್ಯಾಯದಿಂದ ಶುರು ಮಾಡಿ, ಅದು ಸಂಶೋಧಕಿಯೊಬ್ಬಳ ಟಿಪ್ಪಣಿ, ಬೇರೆ ಏನೂ ಗೊತ್ತಿಲ್ಲದೆಯೂ ಅರ್ಥವಾಗುತ್ತದೆ. ಎಲ್ಲರನ್ನೂ ಗಂಡಸೆಂಬಂತೆ ಕರೆದದ್ದಕ್ಕೆ ಟೀಕೆ ಬಂದಾಗ ಲೇಖಕಿ ಮೊದಲು 1976ರ ಪ್ರಬಂಧದಲ್ಲಿ ತನ್ನನ್ನು ಸಮರ್ಥಿಸಿಕೊಂಡಳು, 1987ರಲ್ಲಿ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ ನಿಲುವು ತಿದ್ದಿಕೊಂಡಳು. ಅಂಥ ಪ್ರಾಮಾಣಿಕತೆ ಮೇಲಿನ ಗಂಡಸರಲ್ಲೂ ಇದ್ದಿದ್ದರೆ ಎನಿಸುತ್ತದೆ.

ಕಡೆಯದಕ್ಕೆ ಹಣವೇ ಬೇಕಿಲ್ಲ. ರೊಕೆಯಾ ಬೇಗಂ ಬರೆದ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಬಂತು. ಹಕ್ಕು ಮುಗಿದಿದೆ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಪ್ರಿಂಟ್ ತೆಗೆದರೆ ಹತ್ತು ಹಾಳೆಯ ಆಸುಪಾಸು. ಹೆಣ್ಣುಮಕ್ಕಳ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದು ಬಲೂನಿಗೆ ಕೊಳವೆ ಕಟ್ಟಿ ಮೋಡದಿಂದ ನೀರಿಳಿಸುತ್ತದೆ, ಇನ್ನೊಂದು ಬಿಸಿಲಿನ ಶಾಖ ಕೂಡಿಡುತ್ತದೆ. ಸೇನೆ ಬೆಳೆಸುವುದರಲ್ಲೇ ಮುಳುಗಿದ್ದ ಗಂಡಸರು ಇದನ್ನು ಭಾವುಕತೆಯ ದುಃಸ್ವಪ್ನವೆಂದು ನಗುತ್ತಾರೆ. ಯುದ್ಧದಲ್ಲಿ ಅವರು ಸೋತು ಬಂದಾಗ ಪ್ರಿನ್ಸಿಪಾಲರು 2,000 ವಿದ್ಯಾರ್ಥಿನಿಯರೊಂದಿಗೆ ಹೋಗಿ ಅದೇ ಬಿಸಿಲನ್ನು ಶತ್ರುವಿನ ಮೇಲೆ ತಿರುಗಿಸುತ್ತಾರೆ. ದೋಷ ಇಲ್ಲಿಯೂ ಇದೆ: ಗಂಡಸರನ್ನೆಲ್ಲ ಮನೆಯೊಳಗೆ ಕೂಡಿಹಾಕಿ, ಹೆಂಗಸರನ್ನು ಒಳಗಿಡುವ ಜನಾನಾವನ್ನೇ ತಿರುವಿ ಹಾಕಿದ್ದಾಳೆ. ಅದನ್ನೂ ಚರ್ಚಿಸಿ. ಆದರೆ ಬಿಸಿಲು, ನೀರು, ಅಡುಗೆ ಮೂರನ್ನೂ ವಿಜ್ಞಾನದ ಪ್ರಶ್ನೆ ಮಾಡಿದ ಈ ಕಥೆ ‘ಫೌಂಡೇಶನ್’ಗಿಂತ 46 ವರ್ಷ ಹಳೆಯದು. ಹಾಗಾಗಿ ಗುಂಪಿನಲ್ಲಿ ಓದುವವರು ಇದನ್ನು ಹೋಬರ್ ಮ್ಯಾಲೋನ ಭಾಗ ಮುಗಿದ ವಾರವೇ ಇಟ್ಟುಕೊಳ್ಳಿ. ಅಡುಗೆಮನೆ ಎರಡರಲ್ಲೂ ಬರುತ್ತದೆ.