ಆರು ಗೆಳತಿಯರ ದುಬೈ ಟ್ರಿಪ್, ಒಬ್ಬಳ ಕಾರ್ಡ್: ಕೆಡುವುದು ಎಲ್ಲಿ?

ಬೆಂಗಳೂರಿನಿಂದ ದುಬೈಗೆ ಹೊರಟ ಆರು ಗೆಳತಿಯರಲ್ಲಿ ವಿಮಾನ ಹತ್ತಿದವರು ನಾಲ್ವರೇ. ಒಬ್ಬಳಿಗೆ ವೀಸಾ ಸಿಗಲಿಲ್ಲ, ಇನ್ನೊಬ್ಬಳನ್ನು ಚೆಕ್‌ಇನ್ ಕೌಂಟರಿನಲ್ಲೇ ನಿಲ್ಲಿಸಿದರು. ಅವರಿಬ್ಬರ ಟಿಕೆಟ್ಟಿನಲ್ಲಿ ವಾಪಸ್ ಬಂದದ್ದು ಏರ್‌ಪೋರ್ಟ್ ಶುಲ್ಕ, ತೆರಿಗೆಯ ಚಿಲ್ಲರೆ ಮಾತ್ರ. ಏಜೆಂಟನ್ನು ಬೈಯುವುದು ಸುಲಭ. ಆದರೆ ಕೆಲಸ ಕೆಟ್ಟದ್ದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ: ಎಲ್ಲರೂ ಹೆಸರು ಟೈಪ್ ಮಾಡಿ ಕಳಿಸಿದರು, ಪಾಸ್‌ಪೋರ್ಟ್ ಪುಟದ ಫೋಟೋ ಯಾರೂ ಕಳಿಸಲಿಲ್ಲ.

ನಮ್ಮ ಕಡೆ ಹೆಸರಿಡುವ ರೀತಿಯೇ ಇಲ್ಲಿ ತೊಡಕು. ಆಧಾರಿನಲ್ಲಿ 'ಸವಿತಾ ಎಚ್ ಎನ್', ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿದ ಉದ್ದ ಹೆಸರು, ಟಿಕೆಟ್ಟಿನಲ್ಲಿ ಗಂಡನ ಹೆಸರು. ಒಂದೆರಡು ಅಕ್ಷರದ ತಪ್ಪನ್ನು ವಿಮಾನ ಕಂಪನಿಗಳು ಸಾಮಾನ್ಯವಾಗಿ ತಿದ್ದಿಕೊಡುತ್ತವೆ. ಹೆಸರೇ ಬೇರೆಯಾದರೆ ಹೆಚ್ಚಿನವು ಹೊಸ ಟಿಕೆಟ್ ಕೊಳ್ಳಿ ಎನ್ನುತ್ತವೆ. ಇದಕ್ಕಿಂತ ಕೆಟ್ಟದ್ದು ಸರ್‌ನೇಮ್ ಕಾಲಂ ಖಾಲಿ ಬಿಟ್ಟು, ಗಿವನ್ ನೇಮ್‌ನಲ್ಲಿ ಒಂದೇ ಪದ ಇರುವ ಪಾಸ್‌ಪೋರ್ಟ್. ಇಂಥ ಒಂಟಿ ಹೆಸರಿಗೆ ಪ್ರವಾಸಿ ವೀಸಾ ಇಲ್ಲ ಎಂದು ಯುಎಇ 2022ರ ನವೆಂಬರಿನಲ್ಲೇ ನಿಯಮ ತಂದಿದೆ. ಹಾಗಿದ್ದವರು ಟಿಕೆಟ್ಟಿಗೆ ಮುಂಚೆಯೇ ಪಾಸ್‌ಪೋರ್ಟ್ ರೀಇಷ್ಯೂಗೆ ಹಾಕಬೇಕು. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಪೊಲೀಸ್ ವೆರಿಫಿಕೇಷನ್ನಿಗೂ ದಿನ ಹಿಡಿದುಕೊಳ್ಳಿ. ಪಾಸ್‌ಪೋರ್ಟಿನ ಅವಧಿ ದುಬೈಗೆ ಇಳಿಯುವ ದಿನದಿಂದ ಇನ್ನೂ ಆರು ತಿಂಗಳಾದರೂ ಇರಬೇಕು. ಫೋಟೋ ತರಿಸಿದಾಗಲೇ ಅದನ್ನೂ ನೋಡಿಬಿಡಿ.

'ವೀಸಾ ಬಂದಮೇಲೆ ಟಿಕೆಟ್ ಮಾಡಿದರಾಯಿತು' ಎಂಬ ಜಾಣತನ ದುಬೈಗೆ ನಡೆಯದು. ಅರ್ಜಿಯ ಜೊತೆಗೇ ಹೋಗಿಬರುವ ಟಿಕೆಟ್ಟು, ಹೋಟೆಲ್ ಬುಕಿಂಗ್ ಕೇಳುತ್ತಾರೆ, ಅರ್ಜಿ ತಿರಸ್ಕಾರವಾದರೆ ಫೀಸೂ ಹೋಯಿತು. ಆದ್ದರಿಂದ ಹೋಟೆಲು ಉಚಿತವಾಗಿ ರದ್ದಾಗುವಂಥದ್ದೇ ಇರಲಿ. ಟಿಕೆಟ್ಟಿಗೆ ನಾಲ್ಕು ಕಾಸು ಹೆಚ್ಚಾದರೂ ರೀಫಂಡ್ ಆಗುವ ದರ ಹಿಡಿಯಿರಿ. ಅತಿ ಅಗ್ಗದ ದರದ ಆಸೆಗೆ ಬಿದ್ದ ಗುಂಪುಗಳೇ ಇಲ್ಲಿ ಹೆಚ್ಚು ಕಳೆದುಕೊಳ್ಳುವುದು.

ಆರೂ ಸೀಟು ಒಟ್ಟಿಗೆ ಹುಡುಕಿದರೂ ನಷ್ಟವಿದೆ. ಕಡಿಮೆ ದರದಲ್ಲಿ ನಾಲ್ಕೇ ಸೀಟು ಉಳಿದಿದ್ದರೆ ಸಿಸ್ಟಂ ಆರೂ ಸೀಟಿಗೆ ಮೇಲಿನ ದರವನ್ನೇ ತೋರಿಸುತ್ತದೆ. ಮೊದಲು ಒಂದು ಸೀಟಿಗೆ, ಆಮೇಲೆ ಆರಕ್ಕೆ ದರ ನೋಡಿ. ವ್ಯತ್ಯಾಸ ಕಂಡರೆ ಇಬ್ಬಿಬ್ಬರಾಗಿ ಬುಕ್ ಮಾಡಿ. ಒಬ್ಬಳು ಬಿಟ್ಟುಹೋದಾಗ ಪಿಎನ್ಆರ್, ಅಂದರೆ ಎಲ್ಲರದ್ದೂ ಸೇರಿದ ಒಂದೇ ಬುಕಿಂಗನ್ನು, ಒಡೆಸಿಕೊಳ್ಳುವ ತಲೆನೋವೂ ಕಡಿಮೆಯಾಗುತ್ತದೆ.

ಇನ್ನು ದುಡ್ಡಿನ ವಿಷಯ, ಸ್ನೇಹ ಹಳಸುವುದೇ ಇಲ್ಲಿ. ಏಜೆಂಟರಿಂದ ವಿದೇಶಿ ಪ್ಯಾಕೇಜ್ ಕೊಂಡರೆ ಬಿಲ್ಲಿನ ಮೇಲೆ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಬೀಳುತ್ತದೆ, ಅದು ಜಮೆಯಾಗುವುದು ಬಿಲ್ಲಿನಲ್ಲಿರುವ ಪ್ಯಾನ್‌ಗೆ. ಒಬ್ಬಳೇ ಕಟ್ಟಿದರೆ ಆರು ಜನರ ಟಿಸಿಎಸ್ ಅವಳ ಹೆಸರಿನ ತೆರಿಗೆ ದಾಖಲೆಯಲ್ಲಿ ಕೂರುತ್ತದೆ, ರಿಟರ್ನ್ ಹಾಕಿ ವಾಪಸ್ ಪಡೆಯುವವಳೂ ಅವಳೇ. ಉಳಿದವರು 'ನನ್ನ ಪಾಲು ಕೊಟ್ಟೆನಲ್ಲ' ಎನ್ನುವಾಗ ಈ ಲೆಕ್ಕ ಯಾರ ನೆನಪಿಗೂ ಬರುವುದಿಲ್ಲ. ಒಬ್ಬೊಬ್ಬರ ಪ್ಯಾನ್ ಕೊಟ್ಟು ಆರು ಬಿಲ್ ಮಾಡಿಸಿ. ಬರೀ ಟಿಕೆಟ್ ಅಥವಾ ಬರೀ ಹೋಟೆಲ್ ಬೇರೆಬೇರೆಯಾಗಿ ಕೊಂಡರೆ ಅದು ಪ್ಯಾಕೇಜ್ ಅಲ್ಲ, ಈ ಟಿಸಿಎಸ್ಸೂ ಇಲ್ಲ.

ಹೋಟೆಲಿನಲ್ಲಿ ಟೂರಿಸಂ ದಿರ್ಹಂ ಎಂಬ ಶುಲ್ಕ ಕೋಣೆಗೆ ರಾತ್ರಿಗೆ 7ರಿಂದ 20 ದಿರ್ಹಂ, ದರ್ಜೆಗೆ ತಕ್ಕಂತೆ, ಸಾಮಾನ್ಯವಾಗಿ ಅಲ್ಲೇ ವಸೂಲಿ. ಡಿಪಾಸಿಟ್ಟಿಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಹಿಡಿದಿಟ್ಟ ಹಣ ಬಿಡುಗಡೆಯಾಗುವಷ್ಟರಲ್ಲಿ ನೀವು ಊರಿಗೆ ಬಂದು ದಿನಗಳಾಗಿರುತ್ತವೆ. ಕ್ರೆಡಿಟ್ ಕಾರ್ಡ್ ಕೊಡಿ, ಕೋಣೆಗೊಂದರಂತೆ.

ಕೊನೆಗೆ ಬ್ಯಾಗು. ಗಸಗಸೆ ಯುಎಇಯಲ್ಲಿ ನಿಷಿದ್ಧ, ಮಾದಕ ವಸ್ತುವಿನ ಲೆಕ್ಕ. ನೋವಿಗೆ ಕೊಡುವ ಟ್ರಮಡಾಲ್ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಮುಂಚಿತ ಅನುಮತಿ ಬೇಕು. ಮನೆಯಲ್ಲಿ ಮಾಡಿದ ಮಸಾಲೆ ಪುಡಿ ತರುತ್ತೇನೆಂದು ಒಬ್ಬಳಾದರೂ ಹೇಳಿಯೇ ಹೇಳುತ್ತಾಳೆ. ಅದಕ್ಕೆ ಏನೇನು ಹಾಕಿದ್ದಾರೆ ಎಂದು ಅವಳ ಅಮ್ಮನನ್ನೇ ಕೇಳಿಬಿಡಿ.