ಕ್ಲಿನಿಕ್, ಈಜುಕೊಳ, ಮನೆ: ನನ್ನ ಮಂಡಿಗೆ ಯಾವುದು ಹೆಚ್ಚು ಕೆಲಸ ಮಾಡಿತು?

ಮಂಡಿ ಆಪರೇಷನ್ ಆದಮೇಲೆ ನಾನು ವ್ಯಾಯಾಮವನ್ನು ಮೂರು ಕಡೆ ಮಾಡಿ ನೋಡಿದೆ. ಮೂರರಲ್ಲಿ ಒಂದೇ ಆರಿಸಿಕೊಳ್ಳಿ ಅಂದರೆ ಮನೆಯದ್ದೇ ಅಂತೀನಿ. ಆದರೆ ಕ್ಲಿನಿಕ್‌ನಲ್ಲಿ ಕಲಿಯದೆ ಅದನ್ನು ಶುರುಮಾಡಬಾರದು.

ಕ್ಲಿನಿಕ್‌ನಲ್ಲಿ ಶಾಖ ಕೊಟ್ಟರು, ಕರೆಂಟ್ ಮಷೀನ್ ಇಟ್ಟರು. ಆ ಹೊತ್ತಿಗೆ ನೋವು ಇಳಿಯುತ್ತಿತ್ತು, ನಿಜ. ಆದರೆ ಸುಮ್ನೆ ಮಲಗಿ ಶಾಖ ತಗೊಂಡರೆ ತೊಡೆಗೆ ಬಲ ಬರುವುದಿಲ್ಲ. ಅಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಅಂದರೆ ಫಿಸಿಯೋ ನನ್ನ ನಡಿಗೆಯನ್ನು ಕಣ್ಣಾರೆ ನೋಡಿ ತಿದ್ದಿದ್ದು. ಕೋಲನ್ನು ನೋವಿನ ಕಾಲಿನ ಪಕ್ಕ ಅಲ್ಲ, ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತರೆ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನೆಲ್ಲ ಎದುರಿಗೆ ನಿಂತು ಹೇಳಿಕೊಡುವವರು ಬೇಕು.

ಈಜುಕೊಳ ಕೊಟ್ಟಿದ್ದು ಧೈರ್ಯ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಎದೆಯವರೆಗಿದ್ದರೆ ಇನ್ನೂ ಕಡಿಮೆ. ನೆಲದ ಮೇಲೆ ಕುಂಟುತ್ತಿದ್ದ ನಾನು ನೀರಿನಲ್ಲಿ ನೆಟ್ಟಗೆ ಹೆಜ್ಜೆ ಹಾಕಿದೆ. ಆದರೆ ಗಾಯ ಪೂರ್ತಿ ಒಣಗಿ, ಡಾಕ್ಟರ್ ಹೂಂ ಅನ್ನುವವರೆಗೆ ಇಳಿಯುವಂತಿಲ್ಲ. ಮೆಟ್ಟಿಲು ಹತ್ತುವ ಬಲವೂ ನೀರಿನಲ್ಲಷ್ಟೇ ನಡೆದರೆ ಬರುವುದಿಲ್ಲ.

ಇನ್ನು ಮನೆ. ತೊಡೆ ಬಿಗಿಹಿಡಿಯುವುದು, ಹಿಮ್ಮಡಿ ಜಾರಿಸಿ ಮಂಡಿ ಮಡಚುವುದು, ಕಾಲನ್ನು ನೇರವಾಗಿ ಎತ್ತಿ ಇಳಿಸುವುದು. ನೋಡೋಕೆ ಏನೂ ಇಲ್ಲ, ಬೇಜಾರೂ ಜಾಸ್ತಿ. ಆದರೂ ಗೆದ್ದಿದ್ದು ಇದೇ. ಬಳಸದ ಸ್ನಾಯು ಬೇಗ ಸೊರಗುತ್ತದೆ, ಮತ್ತೆ ಬಲ ಬರಬೇಕಾದರೆ ಬಿಡದೆ ಕೆಲಸ ಕೊಡಬೇಕು. ವಾರಕ್ಕೆ ಒಂದೆರಡು ಸಲ ಕ್ಲಿನಿಕ್‌ಗೆ ಹೋಗಿಬಂದರೆ ಅಷ್ಟು ಕೆಲಸ ಸಿಗುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಕೈ ಊರದೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಹಾಸಿಗೆ, ಬಸ್ಸಿನ ಸೀಟು, ಶೌಚಾಲಯ, ಎಲ್ಲ ಕಡೆ ಬೇಕಾಗುವುದು ಅದೇ ಅಲ್ವಾ? ಸುಧಾರಣೆ ಅಳೆಯಲು ಫಿಸಿಯೋ ಮಾಡಿಸುವ ಒಂದು ಪರೀಕ್ಷೆಯಿದೆ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. ನನಗೆ ಹಿಡಿಯುವ ಸಮಯ ಇಳಿಯತೊಡಗಿದ್ದು ಮನೆಯಲ್ಲಿ ತಪ್ಪದೆ ಮಾಡಲು ಶುರುಮಾಡಿದ ಮೇಲೆಯೇ.

ಪಾರ್ಶ್ವವಾಯು ಆದವರು, ಪದೇಪದೇ ಬೀಳುವವರು ಮಾತ್ರ ಮನೆಯಲ್ಲಿ ಒಬ್ಬರೇ ಶುರುಮಾಡಬೇಡಿ. ಪಕ್ಕದಲ್ಲಿ ಹಿಡಿಯುವವರು ಇರಲಿ. ಆಪರೇಷನ್ ಆದವರಿಗೆ ಮೀನಖಂಡ ಊದಿ ನೋವು ಬಂದರೆ ವ್ಯಾಯಾಮ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು.